ಗೋಪುರ ಕೊನೆಗೂ ಮುಚ್ಚಿತು: ಚಂದ್ರಕಾಳಿ ಸೆರಗು, ಇಬ್ಬರು ಮಕ್ಕಳು ಮತ್ತು ಗವಂತಿ ಲೆಕ್ಕ

ಕಸೂತಿಯ ಗೋಪುರ ಮುಚ್ಚಿತು, ಸದ್ಯಕ್ಕೆ ಅಭ್ಯಾಸದ ತುಂಡು ಬಟ್ಟೆಯ ಮೇಲೆ! ಬುಡದ ಎಡಮೂಲೆಯಿಂದ ಹೊರಟ ಸೂಜಿ ಮೂರು ಅಂತಸ್ತು ಹತ್ತಿ, ಎಲ್ಲ ಕಿಟಕಿ ಸುತ್ತಿ, ತುದಿಯ ಬಾವುಟ ಹಾಕಿ, ಹೊರಟ ತೂತಿಗೇ ವಾಪಸ್ ಬಂತು. ಎಲ್ಲೂ ಗಂಟಿಲ್ಲ, ಎಲ್ಲೂ ನಡುವೆ ದಾರ ಕತ್ತರಿಸಿಲ್ಲ. ಬಟ್ಟೆ ಮಗುಚಿದರೆ ಹಿಂದೆಯೂ ಅಚ್ಚು ಅದೇ ಗೋಪುರ. ದೀಪಾವಳಿ ಮುಗಿದಾಗಿನಿಂದ ನನ್ನ ತಲೆ ತಿಂದ ಗೋಪುರ ಇದು. ಖುಷಿಗೆ ಮಕ್ಕಳಿಬ್ಬರಿಗೂ ಶಿರಾ ಮಾಡಿ ಬಡಿಸಿದೆ.

ಕೆಲಸ ಅದೇ, ಕಪ್ಪು ಇಳಕಲ್ ಸೀರೆಯ ಮೇಲೆ ಎಳೆ ಎಣಿಸಿ ಹಾಕುವ ಕಸೂತಿ. ಸಂಕ್ರಾಂತಿಗೆ ಉಡಬೇಕು. ಇಲ್ಲಿ ಪುಣೆಯಲ್ಲಿ ಸಂಕ್ರಾಂತಿಗೆ ಹೆಂಗಸರು ಕಪ್ಪು ಸೀರೆ ಉಡುತ್ತಾರಲ್ಲ, ನಮ್ಮ ಚಂದ್ರಕಾಳಿಗೆ, ಅಂದರೆ ಈ ಕಪ್ಪು ಇಳಕಲ್ ಸೀರೆಗೆ, ಇದಕ್ಕಿಂತ ಒಳ್ಳೆ ದಿನ ಎಲ್ಲಿ ಸಿಗುತ್ತದೆ? ಅಂಚಿನ ಮುರ್ಗಿ (ಅಂಕುಡೊಂಕು ಹೊಲಿಗೆ) ಸಾಲು ಮುಗಿದಿದೆ. ಆನೆಗಳಿಗೆ ನೇಗಿ (ನೇಯ್ದಂತೆ ಕಾಣುವ ಹೊಲಿಗೆ) ಹಾಕಿದ್ದೂ ಆಯಿತು. ಅವುಗಳ ಬಗ್ಗೆ ಹೇಳೋಕೆ ಏನೂ ಇಲ್ಲ, ನಿಮಗೆಲ್ಲ ಗೊತ್ತಿರೋದೇ. ಈ ಸಲದ ಮಾತೆಲ್ಲ ಗೋಪುರದ್ದು.

ಹೊತ್ತು ಹೇಗೆ ಸಿಗುತ್ತದೆ ಅಂತ ಕೆಲವರು ಕೇಳಿದ್ದಿರಿ. ದೊಡ್ಡವಳಿಗೆ ಎಂಟು, ಚಿಕ್ಕವನಿಗೆ ಐದು. ಇಬ್ಬರೂ ಮನೆಯಲ್ಲೇ ಕಲಿಯುತ್ತಾರೆ. ಯಜಮಾನರು ಹಿಂಜವಡಿ ಬಸ್ಸು ಹತ್ತಿದ ಮೇಲೆ, ತಿಂಡಿ ಪಾತ್ರೆ ಎತ್ತಿಟ್ಟು, ಪಾಠಕ್ಕೆ ಕೂರುತ್ತೇವೆ. ಮೊದಲು ಕನ್ನಡ, ಆಮೇಲೆ ಗಣಿತ, ಆಮೇಲೆ ಅವರವರ ಇಷ್ಟದ್ದು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಒಎಸ್) ‘ಎ’ ಹಂತ ಮೂರನೇ ತರಗತಿಗೆ ಸಮ, ದೊಡ್ಡವಳ ಪಾಠವನ್ನು ಅದರ ಸುತ್ತ ಜೋಡಿಸಿಕೊಂಡಿದ್ದೇನೆ. ಮರಾಠಿ ಸಂಜೆ ಕೆಳಗಡೆ ಆಟದಲ್ಲಿ ತಾನಾಗೇ ಬರುತ್ತಿದೆ.

ಊಟ ಆಗಿ ಚಿಕ್ಕವನು ಮಲಗಿದ ಮೇಲೆ, ಎರಡರಿಂದ ಮೂರೂವರೆ ತನಕ ನನ್ನದು. ದೊಡ್ಡವಳು ತನ್ನ ಪುಸ್ತಕ ಹಿಡಿದು ಪಕ್ಕದಲ್ಲಿ ಕೂರುತ್ತಾಳೆ. ಬಟ್ಟೆ ಮಡಚುವುದು, ಫೋನು, ಸಾಂಬಾರಿಗೆ ಬೇಳೆ ನೆನೆಹಾಕುವುದು ಯಾವುದೂ ಆ ಹೊತ್ತಿಗೆ ಇಲ್ಲ. ಇಲ್ಲಿನ ಹಳೇ ಪೇಟೆಗಳಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಎಷ್ಟೋ ಅಂಗಡಿಗಳು ಬಾಗಿಲು ಹಾಕಿರುತ್ತವೆ. ದಾರ ಮುಗಿಯಿತು ಅಂತ ಎದ್ದು ಓಡೋಕೂ ಆಗಲ್ಲ. ಒಳ್ಳೆಯದೇ ಆಯಿತು.

ದಾರದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕೆಂಪು ಲಡಿ ಎರಡು ಸಲಕ್ಕೆ ತಂದೆ. ನಂಬರ್ ಒಂದೇ, ಕಂಪನಿ ಒಂದೇ, ಆದರೆ ಎರಡನೆಯದು ಇಟ್ಟಿಗೆ ಬಣ್ಣಕ್ಕೆ ವಾಲಿದೆ. ರವಿವಾರ ಪೇಟೆಯಲ್ಲಿ ಅಂಗಡಿಯವರ ಮುಂದೆ ಎರಡನ್ನೂ ಬಿಸಿಲಿಗೆ ಹಿಡಿದು ತೋರಿಸಿದೆ. “ತೋಚ್ ರಂಗ ಆಹೇ, ತಾಈ” (ಅದೇ ಬಣ್ಣ, ಅಕ್ಕಾ) ಅಂದರು, ನೋಡಲೇ ಇಲ್ಲ. ಬಣ್ಣ ಅದ್ದಿದ ಕಂತು ಬದಲಾದರೆ ಛಾಯೆ ಬದಲಾಗುತ್ತದೆ, ಅದು ಅವರಿಗೂ ಗೊತ್ತು. ದೊಡ್ಡ ಕೆಲಸ ಹಿಡಿಯುವವರು ದಯವಿಟ್ಟು ಬೇಕಾದಷ್ಟು ಲಡಿ ಒಂದೇ ಸಲಕ್ಕೆ ತಗೊಳ್ಳಿ. ಸೀರೆ ಕೊಟ್ಟವರದು ಇನ್ನೊಂದು ಕಥೆ. ಗಂಜಿ ಎಷ್ಟಿತ್ತೆಂದರೆ ಮೊಂಡು ತುದಿಯ ಸೂಜಿ ಎಳೆಗಳ ನಡುವೆ ಹೋಗಲೇ ಇಲ್ಲ. ತೊಳೆದು ಒಣಗಿಸಿದ ಮೇಲೇ ಎಳೆ ಎಣಿಸೋಕೆ ಬಂತು.

ಈಗ ಗೋಪುರ. ಗವಂತಿ ಅಂದರೆ ಹಿಂದೆ ಮುಂದೆ ಒಂದೇ ಥರ ಕಾಣುವ ಕಸೂತಿ ಹೊಲಿಗೆ. ಅದರಲ್ಲಿ ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಬರುವಾಗ ಬಿಟ್ಟ ಜಾಗ ತುಂಬಬೇಕು. ನೇರ ಗೆರೆಗೆ ತೊಂದರೆಯಿಲ್ಲ. ಕವಲಿಗೂ ಇಲ್ಲ, ಕವಲಿಗೆ ಹೋಗಿ ಪೂರ್ತಿ ಮುಗಿಸಿ ಬಂದರೆ ಲೆಕ್ಕ ಸರಿಯಾಗೇ ಇರುತ್ತದೆ. ತೊಂದರೆ ಶುರುವಾಗೋದು ಮುಚ್ಚಿದ ಆಕಾರ ಬಂದಾಗ.

ಒಂದು ಕಿಟಕಿ ತಗೊಳ್ಳಿ. ನಾಲ್ಕು ಬದಿ, ನಾಲ್ಕು ಹೊಲಿಗೆ. ಮೊದಲ ಸುತ್ತಿಗೆ ಒಂದನೇ ಬದಿ, ಮೂರನೇ ಬದಿ ಮೇಲೆ ಬಿದ್ದವು. ಎರಡು, ನಾಲ್ಕು ಕೆಳಗೆ. ವಾಪಸ್ ಬರುವಾಗಲೂ ಅದೇ ದಿಕ್ಕಿಗೆ ಸುತ್ತಿದರೆ ಮತ್ತೆ ಒಂದು, ಮೂರೇ ಮೇಲೆ ಬೀಳುತ್ತವೆ. ಎರಡು ಬದಿಗೆ ಜೋಡಿ ದಾರ, ಎರಡು ಬದಿ ಬೋಳು. ಉಲ್ಟಾ ಸುತ್ತಿದರೆ ಮಾತ್ರ ತುಂಬುತ್ತದೆ. ಒಂಟಿ ಕಿಟಕಿಗೆ ಇದು ಸುಲಭ. ಆದರೆ ಈ ಗೋಪುರದ ಕಿಟಕಿಗಳು ಗೋಡೆ ಹಂಚಿಕೊಂಡಿವೆ. ಒಂದರ ಬಲಬದಿಯೇ ಮುಂದಿನದರ ಎಡಬದಿ, ಮೇಲಿನ ಪಟ್ಟಿಯೇ ಮುಂದಿನ ಅಂತಸ್ತಿನ ನೆಲ. ಅಲ್ಲಿ ಉಲ್ಟಾ ಅಂದರೆ ಯಾವ ಕಡೆ? ಎಳೆ ಎಣಿಸಿ ಅಭ್ಯಾಸ ಮಾಡುವ ಮ್ಯಾಟಿ ಬಟ್ಟೆಯ ತುಂಡಿನ ಮೇಲೆ ಎಷ್ಟು ಸಲ ಹಾಕಿದರೂ ಎರಡನೇ ಅಂತಸ್ತಿನಲ್ಲಿ ಎಲ್ಲೋ ಒಂದು ಬದಿ ಬೋಳಾಗಿ ಉಳಿಯುತ್ತಿತ್ತು.

ನಮೂನೆ ಅತ್ತೆಯ ಹಳೇ ಸೀರೆಯದು. ಧಾರವಾಡದಿಂದ ಫೋಟೋ ಕಳಿಸಿದ್ದರು. ಹಿಂದೆ ಮುಂದೆ ಎರಡೂ ಕಡೆಯ ಫೋಟೋ ಇದೆ, ಎರಡೂ ಒಂದೇ! ಚೆನ್ನಾಗಿ ಹಾಕಿದ ಗವಂತಿ ನೋಡಿದರೆ ಸೂಜಿ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನೋದು ಗೊತ್ತೇ ಆಗೋದಿಲ್ಲ. ಫೋನ್ ಮಾಡಿ ಕೇಳಿದೆ.

“ಹಾಕಿಕೋತ ಹೋಗವಾ, ತಾನ ಗೊತ್ತಾಕ್ಕೈತಿ. ಆದ್ರ ಹೊಕ್ಕ ಬಾಗಲಾ ಕಡೀಕ ಹಿಡೀಬೇಕು ನೋಡ.”

ಅಷ್ಟೇ ಹೇಳಿ, ಮೊಮ್ಮಕ್ಕಳಿಗೆ ಫೋನ್ ಕೊಡು ಅಂದರು. ಹೊಕ್ಕ ಬಾಗಿಲು ಅಂದರೆ ಬುಡದ ಮೂಲೆ, ಕೊನೆಗೆ ಅಲ್ಲಿಗೇ ಬಂದು ಮುಗಿಸಬೇಕು, ಅಷ್ಟೇ ತಾನೇ ಅಂತ ನಾನು ಅರ್ಥ ಮಾಡಿಕೊಂಡೆ.

ದಾರಿ ತೆರೆದದ್ದು ಬೆಳಗಿನ ಪಾಠದ ಹೊತ್ತಿನಲ್ಲಿ. ಚೌಕುಳಿ ಪುಸ್ತಕದಲ್ಲಿ ಗೋಪುರ ಬರೆದು ಮೇಜಿನ ಮೇಲೆ ಬಿಟ್ಟಿದ್ದೆ. ಚಿಕ್ಕವನಿಗೆ ಸಾಲಾಗಿ ಬಣ್ಣ ಬದಲಾಯಿಸುವ ಅಭ್ಯಾಸ ನಡೆದಿತ್ತು, ಒಂದು ಕೆಂಪು, ಒಂದು ನೀಲಿ. ಅವನು ನನ್ನ ಗೋಪುರದ ಗೆರೆಗಳು ಸೇರುವಲ್ಲೆಲ್ಲ ಚುಕ್ಕಿ ಇಟ್ಟು ಬಣ್ಣ ಹಚ್ಚಿಬಿಟ್ಟಿದ್ದ, ಚುಕ್ಕಿ ರಂಗೋಲಿ ಅಂದುಕೊಂಡು. ದೊಡ್ಡವಳು ಅದರ ಮೇಲೆ ಬೆರಳಿಟ್ಟು ಸೂಜಿಯ ಹಾಗೆ ನಡೆಸುತ್ತಾ ಹೋದಳು. ಮೇಲೆ, ಕೆಳಗೆ, ಮೇಲೆ, ಕೆಳಗೆ.

“ಅಮ್ಮಾ, ಕೆಂಪು ಚುಕ್ಕಿಯಲ್ಲಿ ಸೂಜಿ ಯಾವಾಗ್ಲೂ ಮೇಲೆ ಬರುತ್ತೆ. ನೀಲಿಯಲ್ಲಿ ಯಾವಾಗ್ಲೂ ಕೆಳಗೆ ಹೋಗುತ್ತೆ!”

ನಾನು ಪೆನ್ಸಿಲ್ ಕಸಿದುಕೊಂಡೆ ಅಂತಲೇ ಹೇಳಬೇಕು. ನಿಜ! ಉದ್ದ ಅಡ್ಡ ಗೆರೆ ಮಾತ್ರ ಇರುವ ಚಿತ್ರದಲ್ಲಿ ಕೆಂಪಿನ ಪಕ್ಕ ನೀಲಿಯೇ ಇರುತ್ತದೆ. ಕೆಂಪಿನಿಂದ ನೀಲಿಗೆ ಹೋದರೆ ಹೊಲಿಗೆ ಮೇಲೆ, ನೀಲಿಯಿಂದ ಕೆಂಪಿಗೆ ಹೋದರೆ ಕೆಳಗೆ. ಹಾಗಾದರೆ ಪ್ರತಿ ಗೆರೆಯ ಮೇಲೆ ಎರಡು ದಿಕ್ಕಿಗೂ ಒಂದೊಂದು ಸಲ ಹೋದರೆ ಸಾಕು. ಯಾವುದು ಮೊದಲು, ಯಾವುದು ಆಮೇಲೆ, ಎಷ್ಟು ಹೊಲಿಗೆ ಆದ ಮೇಲೆ ಅಂತ ತಲೆ ಕೆಡಿಸಿಕೊಳ್ಳೋದೇ ಬೇಡ. ಕಿಟಕಿ ಯಾವ ಕಡೆ ಸುತ್ತಬೇಕು ಅನ್ನೋ ಪ್ರಶ್ನೆಯೇ ಹೋಯಿತು. ಗೆರೆಗೆ ಎರಡು ಬಾಣದ ಗುರುತು, ಒಂದು ಆ ಕಡೆ, ಒಂದು ಈ ಕಡೆ. ಎರಡೂ ಬಾಣ ಬಿದ್ದರೆ ಆ ಗೆರೆ ಮುಗಿಯಿತು.

ಆದರೂ ಇನ್ನೊಂದು ತೊಡಕಿತ್ತು. ಬಾಣ ಹಾಕುತ್ತಾ ಹೋದರೆ ಕೆಲವೊಮ್ಮೆ ಬೇಗನೇ ಬುಡಕ್ಕೆ ಬಂದುಬಿಡುತ್ತೇವೆ, ಮೇಲಿನ ಅಂತಸ್ತಿನಲ್ಲಿ ಎರಡು ಕಿಟಕಿ ಹಾಗೇ ಉಳಿದಿರುತ್ತವೆ. ಅಲ್ಲಿಗೆ ಹೋಗೋಕೆ ದಾರಿಯೇ ಇಲ್ಲ, ಮಧ್ಯದ ಗೆರೆಗಳೆಲ್ಲ ಖರ್ಚಾಗಿವೆ. ಆಗ ಅತ್ತೆಯ ಮಾತು ಹೊಳೆಯಿತು. ಬುಡದ ಮೂಲೆ ಒಂದೇ ಅಲ್ಲ, ಪ್ರತಿ ಚುಕ್ಕಿಗೂ ಒಂದು ಹೊಕ್ಕ ಬಾಗಿಲು ಇದೆ! ಒಂದು ಚುಕ್ಕಿಗೆ ಮೊಟ್ಟಮೊದಲು ಯಾವ ಗೆರೆಯಿಂದ ಬಂದೆವೋ, ಆ ಗೆರೆ ಹಿಡಿದು ವಾಪಸ್ ಹೋಗುವುದು ಎಲ್ಲಕ್ಕಿಂತ ಕೊನೆಗೆ. ಬೇರೆ ಗೆರೆಗಳೆಲ್ಲ ಮುಗಿಯುವ ತನಕ ಆ ಬಾಗಿಲು ಮುಟ್ಟುವಂತಿಲ್ಲ. ಮೊದಲ ಬಾಣಕ್ಕೆ ಒಂದು ಸೊನ್ನೆ ಸುತ್ತಿಟ್ಟುಕೊಂಡೆವು. ಸೊನ್ನೆಯ ಗೆರೆ ಕಡೀಕ. ಇಷ್ಟು ಮಾಡಿದರೆ ಏನೂ ಉಳಿಯೋದಿಲ್ಲ.

ಇದೇ ನಿಯಮವನ್ನು ಫ್ರಾನ್ಸಿನ ಗಾಸ್ತೋನ್ ಟಾರಿ ಅನ್ನುವವರು 1895ರಲ್ಲಿ ಚಕ್ರವ್ಯೂಹದಂಥ ದಾರಿಗಳಿಂದ ಹೊರಬರೋಕೆ ಬರೆದಿಟ್ಟಿದ್ದಾರೆ. ಒಂದು ದಾರಿಯಲ್ಲಿ ಒಂದೇ ದಿಕ್ಕಿಗೆ ಎರಡು ಸಲ ಹೋಗಬೇಡ, ಮೊದಲು ಬಂದ ದಾರಿಯನ್ನು ಬೇರೆ ದಾರಿ ಇಲ್ಲದಾಗ ಮಾತ್ರ ಹಿಡಿ. ಅದಕ್ಕೂ ಹಿಂದೆ, 1736ರ ಹೊತ್ತಿಗೆ, ಗಣಿತಜ್ಞ ಆಯ್ಲರ್ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಬರೋಕೆ ಆಗೋದಿಲ್ಲ ಅಂತ ತೋರಿಸಿದ್ದರು. ಗವಂತಿಯಲ್ಲಿ ಪ್ರತಿ ಗೆರೆಗೂ ಎರಡು ಸಲ ಹೋಗುತ್ತೇವಲ್ಲ, ಅದಕ್ಕೇ ಇಲ್ಲಿ ಯಾವಾಗಲೂ ವಾಪಸ್ ಬರೋಕೆ ಆಗುತ್ತದೆ. ಅತ್ತೆ ಟಾರಿಯನ್ನೂ ಓದಿಲ್ಲ, ಆಯ್ಲರನನ್ನೂ ಓದಿಲ್ಲ. ಅವರ ಅವ್ವ ಹೇಳಿಕೊಟ್ಟಿದ್ದು. ಧಾರವಾಡದ ಜಗಲಿಗಳ ಮೇಲೆ ಕೂತು, ಕಾಗದವಿಲ್ಲದೆ, ಗುರುತು ಹಾಕದೆ, ಈ ಹೆಂಗಸರು ಇಷ್ಟು ಗಟ್ಟಿ ಗಣಿತ ಮಾಡಿದ್ದಾರೆ ಅನ್ನೋದು ನೆನೆಸಿಕೊಂಡರೆ ನನಗೆ ಮೈ ಜುಮ್ಮೆನ್ನುತ್ತದೆ.

ತುದಿಯ ಬಾವುಟ ಮಾತ್ರ ಮತ್ತೆ ಕಾಡಿತು. ಒಂದು ನೇರ, ಒಂದು ಅಡ್ಡ, ಒಂದು ಓರೆ, ಮೂರೇ ಹೊಲಿಗೆ. ಓರೆ ಹೊಲಿಗೆ ಕೆಂಪಿನಿಂದ ಕೆಂಪಿಗೇ ಹೋಗುತ್ತದೆ, ಅಲ್ಲಿಗೆ ಬಣ್ಣದ ನಿಯಮ ಮುರಿಯಿತು. ಇದನ್ನೂ ಬಿಡಿಸಿದ್ದು ದೊಡ್ಡವಳೇ. ಮೂರು ಮೂಲೆಯದನ್ನು ಒಂದೇ ದಿಕ್ಕಿಗೆ ಎರಡು ಸುತ್ತು ಸುತ್ತು ಅಂದಳು. ನಾನು ಚೌಕಕ್ಕೆ ಅದು ಆಗಲಿಲ್ಲವಲ್ಲ ಅಂದೆ. “ಚೌಕ ಸಮ, ಇದು ಬೆಸ” ಅಂದಳು. ಹಾಕಿ ನೋಡಿದೆ. ಮೊದಲ ಸುತ್ತು ಮೇಲೆ, ಕೆಳಗೆ, ಮೇಲೆ. ಎರಡನೇ ಸುತ್ತು ಕೆಳಗೆ, ಮೇಲೆ, ಕೆಳಗೆ. ಮೂರೂ ಬದಿ ಎರಡೂ ಕಡೆ ತುಂಬಿತು! ಆರು ಹೊಲಿಗೆ ಆದ ಮೇಲೆ ಲೆಕ್ಕ ಮತ್ತೆ ಮೊದಲಿನ ಹಾಗೇ, ಕೋಲು ಹಿಡಿದು ಕೆಳಗೆ ಇಳಿಯಬಹುದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಮನೆಯಲ್ಲಿ ಮಕ್ಕಳಿಗೆ ಕಲಿಸುವ ತಾಯಂದಿರಿಗೆ ಎಲ್ಲದರಲ್ಲೂ ಪಾಠ ಹುಡುಕುವ ಅಭ್ಯಾಸ ಬಂದುಬಿಡುತ್ತದೆ. ಚಪಾತಿ ಮಾಡಿದರೆ ವೃತ್ತ, ತರಕಾರಿ ತಂದರೆ ತೂಕ. ಕಸೂತಿಯನ್ನೂ ಹಾಗೆ ಮಾಡು ಅಂತ ಎಷ್ಟೋ ಜನ ಹೇಳಿದರು. ನನಗೆ ಅದು ಬೇಡ. ಮಧ್ಯಾಹ್ನದ ಆ ಹೊತ್ತು ಯಾರಿಗೂ ಏನೂ ಕಲಿಸೋಕೆ ಅಲ್ಲ. ಅದು ನನಗೆ ಇಷ್ಟ ಅನ್ನೋದೇ ಸಾಕು. ಮಕ್ಕಳು ಈ ಲೆಕ್ಕ ಬಿಡಿಸಿದ್ದು ನಾನು ಕಲಿಸಿದೆ ಅಂತ ಅಲ್ಲ. ನನಗೇ ಉತ್ತರ ಗೊತ್ತಿರಲಿಲ್ಲ, ಅದು ಅವರಿಗೆ ಕಾಣುತ್ತಿತ್ತು. ಹಾಗಾಗಿ ಏರ್ಪಾಡು ಇಷ್ಟೇ: ಚೌಕುಳಿ ಪುಸ್ತಕ ಬೆಳಿಗ್ಗೆ ಮೇಜಿನ ಮೇಲೆ ಇರುತ್ತದೆ, ಯಾರು ಬೇಕಾದರೂ ಮುಟ್ಟಬಹುದು. ಸೀರೆ ಮಧ್ಯಾಹ್ನ ಮಾತ್ರ ಹೊರಗೆ ಬರುತ್ತದೆ, ನಾನು ಮಾತ್ರ ಮುಟ್ಟುತ್ತೇನೆ. ಚಿಕ್ಕವನಿಗೆ ಬೇರೆ ಮ್ಯಾಟಿ ತುಂಡು, ದಪ್ಪ ಸೂಜಿ ಕೊಟ್ಟಿದ್ದೇನೆ. ಎದ್ದ ಮೇಲೆ ಅವನೂ ಏನೋ ಹಾಕುತ್ತಾನೆ, ಈಗ ಅದು ರೈಲು ಅಂತೆ.

ಇನ್ನು ನಿಜವಾದ ಸೀರೆಯ ಮೇಲೆ ಏರಿಸಬೇಕು. ಹಾಸಿನ ಎಳೆಯೂ ಹೊಕ್ಕಿನ ಎಳೆಯೂ ಸಮ ಒತ್ತಾಗಿಲ್ಲ. ನನ್ನ ಸೀರೆಯಲ್ಲಿ ಅಡ್ಡಕ್ಕೆ ನಾಲ್ಕು ಎಳೆ, ಉದ್ದಕ್ಕೆ ಐದು ಎಳೆ ಹಿಡಿದರೆ ಕಿಟಕಿ ಚೌಕವಾಗಿ ಕಾಣುತ್ತದೆ, ಇಲ್ಲದಿದ್ದರೆ ಗೋಪುರ ಕುಳ್ಳಾಗುತ್ತದೆ. ಕಪ್ಪಿನ ಮೇಲೆ ಎಳೆ ಕಾಣದೆ ಕಣ್ಣು ಸೋಲುವವರು ತೊಡೆಯ ಮೇಲೆ ಬಿಳಿ ಪಂಚೆ ಹಾಸಿಕೊಂಡು ಕೂರಿ. ತೂತುಗಳ ಹಿಂದೆ ಬಿಳಿ ಇಣುಕುತ್ತದೆ, ಎಣಿಸೋದು ಎಷ್ಟೋ ಸಲೀಸು.

ಸೀರೆ ಮುಗಿಯುವ ಮುಂಚೆಯೇ ಮನಸ್ಸು ಕೌದಿಯ ಕಡೆ ಓಡುತ್ತಿದೆ. ಮಕ್ಕಳ ಚಿಕ್ಕಂದಿನ ಅಂಗಿ, ಲಂಗ, ನನ್ನ ಎರಡು ಹರಿದ ಹತ್ತಿ ಸೀರೆ ಎಲ್ಲ ಒಂದು ಗಂಟು ಕಟ್ಟಿಟ್ಟಿದ್ದೇನೆ. ಅಸ್ತರಿಗೆ ಅತ್ತೆ ತಮ್ಮ ಹಳೇ ಇಳಕಲ್ ಕೊಡುತ್ತೇನೆ ಅಂದಿದ್ದಾರೆ. ಕೌದಿಗೆ ದಾರದ ಛಾಯೆ ತಪ್ಪಿದರೂ ನಡೆಯುತ್ತದೆ, ಆ ಇಟ್ಟಿಗೆ ಬಣ್ಣದ ಲಡಿಗಳೆಲ್ಲ ಅಲ್ಲಿಗೇ.

ಅದಕ್ಕೂ ಮೊದಲು ಸೆರಗಿನ ನಡುವೆ ತೇರು ಬರಬೇಕು. ಗಾಲಿಗೆ ಎಂಟು ಅರ (ಕಡ್ಡಿ), ನಾಲ್ಕು ನೇರ, ನಾಲ್ಕು ಓರೆ. ಎಲ್ಲ ಅರಗಳೂ ನಡುವಿನ ಒಂದೇ ತೂತಿಗೆ ಬರುತ್ತವೆ, ಅಂದರೆ ಹೋಗಿ ಬಂದು ಹದಿನಾರು ಎಳೆತ. ಮ್ಯಾಟಿಯ ಮೇಲೆ ಆ ತೂತು ಈಗಲೇ ಬಾಯಿ ಬಿಟ್ಟಿದೆ, ಸೀರೆಯ ನೂಲು ತಡೆಯುತ್ತದೋ ಇಲ್ಲವೋ. ಗಾಲಿ ಹಾಕಿ ಪಳಗಿದವರು ಹೇಳಿ: ನಡುವಿನಿಂದ ಹೊರಟಿರಾ, ಸುತ್ತಿನ ಪಟ್ಟಿಯಿಂದ ಒಳಗೆ ಬಂದಿರಾ? ಒಂದೆಳೆ ದಾರ ಸಾಕಾಯಿತಾ?