ನವಲಗುಂದ ಕಡೆಯ ಎರೆ, ಅಲಬಾಮಾದ ಎರೆ

ಹೋದ ಮಳೆಗಾಲದಲ್ಲಿ ನಮ್ಮ ಮನೆಯ ಸಂಡಾಸಕ್ಕೆ ನೀರು ಹಾಕಿದರೆ ಕೆಳಗೆ ಹೋಗುವ ಬದಲು ಬುಡುಬುಡು ಅಂತ ಮೇಲೆ ಬರೋಕೆ ಶುರುವಾಯಿತು. ಮನೆ ಇರುವುದು ಹುಬ್ಬಳ್ಳಿ ಹೊರಗೆ, ನವಲಗುಂದದ ಕಡೆ. ಕೆಲವು ವರ್ಷದ ಹಿಂದೆ ಹತ್ತಿ, ಕಡಲೆ ಬೆಳೆಯುತ್ತಿದ್ದ ಹೊಲ, ಈಗ ಲೇಔಟ್. ಒಳಚರಂಡಿ ಬರುತ್ತೆ ಬರುತ್ತೆ ಅಂತಾರೆ, ಬಂದಿಲ್ಲ. ಗೌಂಡಿ ಕಾಕಾ ಬಂದರು, ಗುಂಡಿ ಮೇಲಿನ ಫರಸಿ ಸರಿಸಿ ಒಳಗೆ ಬಗ್ಗಿ ನೋಡಿದರು. "ಎರಿ ಮಣ್ಣು ತಮ್ಮಾ ಇದು. ಒಮ್ಮೆ ತೊಯ್ತಂದ್ರ ಮುಗೀತು, ಮತ್ತ ಹನಿ ನೀರು ಕುಡಿಯಂಗಿಲ್ಲ" ಅಂದರು.

ಎರೆ ಮಣ್ಣಿನ ಗುಣ ನಮ್ಮ ಕಡೆಯವರಿಗೆ ಹೊಸದಲ್ಲ ಬಿಡಿ. ನಮ್ಮ ಕಾಂಪೌಂಡ್ ಗೋಡೆಯಲ್ಲಿ ಒಂದು ಬಿರುಕಿದೆ, ಏಪ್ರಿಲ್‌ನಲ್ಲಿ ಅದರೊಳಗೆ ಹತ್ತು ರೂಪಾಯಿ ನಾಣ್ಯ ಸಲೀಸಾಗಿ ಹೋಗುತ್ತದೆ, ಆಗಸ್ಟ್‌ನಲ್ಲಿ ಬ್ಲೇಡೂ ಹೋಗಲ್ಲ. ಆದರೆ ಅವತ್ತು ರಾತ್ರಿ ನಿದ್ದೆ ಬರದೆ, ಇಂಥ ಮಣ್ಣಲ್ಲಿ ಬೇರೆ ಕಡೆಯ ಜನ ಏನು ಮಾಡುತ್ತಾರೆ ಅಂತ ಫೋನ್‌ನಲ್ಲಿ ಹುಡುಕುತ್ತಾ ಹೋದೆ, ಹೋಗಿ ಹೋಗಿ ಅಮೆರಿಕದ ಅಲಬಾಮಾ ರಾಜ್ಯದ ಲೌಂಡ್ಸ್ ಕೌಂಟಿಗೆ ಬಂದು ನಿಂತೆ. ಆಮೇಲೆ ವಾರಗಟ್ಟಲೆ ಅದನ್ನೇ ಓದಿದೆ. ಮನೆಯವಳಿಗೆ ಬೇಜಾರು ಬಂದಿದೆ.

ಕೌಂಟಿ ಅಂದರೆ ನಮ್ಮ ಜಿಲ್ಲೆ ಥರ, ಆದರೆ ಎಷ್ಟೋ ಕಡೆ ಒಂದು ತಾಲೂಕಿನಷ್ಟೂ ಜನ ಇರಲ್ಲ. ಲೌಂಡ್ಸ್ ಇರುವುದು ಮಾಂಟ್ಗೊಮರಿ ಮತ್ತು ಸೆಲ್ಮಾ ನಗರಗಳ ನಡುವೆ. ಉತ್ತರದ ಅಂಚಿಗೆ ಅಲಬಾಮಾ ನದಿ. ನೆಲ ಸುಮಾರು 1,850 ಚದರ ಕಿಲೋಮೀಟರ್, ಜನ 2020ರ ಎಣಿಕೆಯಲ್ಲಿ 10,311. ನಮ್ಮ ಅಣ್ಣಿಗೇರಿ ಊರೊಂದರಲ್ಲೇ ಅದರ ಎರಡು ಪಟ್ಟಿಗಿಂತ ಜಾಸ್ತಿ ಜನ ಇದ್ದಾರೆ! 1900ರಲ್ಲಿ ಅಲ್ಲೂ 35,651 ಜನ ಇದ್ದರು. ಹತ್ತಿ ಹೋಯಿತು, ಕೂಲಿ ಹೋಯಿತು, ಜನ ಉತ್ತರದ ನಗರಗಳಿಗೆ ಗುಳೆ ಹೋದರು.

ಆ ಸೀಮೆಗೆ 'ಬ್ಲ್ಯಾಕ್ ಬೆಲ್ಟ್' ಅಂತ ಹೆಸರು. ಜನರ ಬಣ್ಣದಿಂದ ಬಂದ ಹೆಸರು ಅಂತ ನಾನು ಅಂದುಕೊಂಡಿದ್ದೆ, ಮೊದಲು ಬಂದದ್ದು ಮಣ್ಣಿನ ಬಣ್ಣದಿಂದ. ಡೈನೋಸಾರ್‌ಗಳ ಕಾಲದಲ್ಲಿ ಅಲ್ಲಿ ಸಮುದ್ರ ಇತ್ತು, ತಳದಲ್ಲಿ ಸೀಮೆಸುಣ್ಣದಂಥ ಕಲ್ಲು ಕೂತಿತು, ಅದರ ಮೇಲೆ ಈ ಜಿಗುಟು ಮಣ್ಣು. ನಮ್ಮದು ಬೇರೆ ಕಲ್ಲು ಸವೆದು ಆದದ್ದು. ಸ್ವಭಾವ ಮಾತ್ರ ಅಣ್ಣ ತಮ್ಮಂದಿರದು: ತೊಯ್ದರೆ ಉಬ್ಬುತ್ತೆ, ಒಣಗಿದರೆ ಸೀಳುತ್ತೆ, ಹತ್ತಿ ಅಂದರೆ ಪ್ರಾಣ.

ಅಲ್ಲಿನ ಮೂಲನಿವಾಸಿಗಳಾದ ಮಸ್ಕೋಗಿ ಜನರಿಂದ 1814ರ ಒಪ್ಪಂದದಲ್ಲಿ ಕಿತ್ತುಕೊಂಡ ನೆಲ ಅದು. 1830ರಲ್ಲಿ ಕೌಂಟಿ ಆಯಿತು. 1860ರ ಹೊತ್ತಿಗೆ ಅಲ್ಲಿದ್ದ 27 ಸಾವಿರ ಚಿಲ್ಲರೆ ಜನರಲ್ಲಿ 19 ಸಾವಿರಕ್ಕೂ ಜಾಸ್ತಿ ಜನ ಗುಲಾಮರು. ನಮ್ಮ ಊರಿನ ಕಥೆ ಇಲ್ಲಿಗೇ ಬಂದು ತಗಲುತ್ತದೆ ನೋಡಿ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣದಿಂದ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಕರೆಸಿತು. ಹೆಚ್ಚಿನ ಕಡೆ ಆ ಪ್ರಯೋಗ ನೆಲಕಚ್ಚಿತು. ಧಾರವಾಡದ ಎರೆಯಲ್ಲಿ ಮಾತ್ರ ನ್ಯೂ ಓರ್ಲಿಯನ್ಸ್ ಬೀಜ ಬೇರು ಬಿಟ್ಟಿತು, 'ಧಾರವಾಡ-ಅಮೆರಿಕನ್' ಅಂತಲೇ ಪೇಟೆಯಲ್ಲಿ ಹೆಸರಾಯಿತು. 1861ರಲ್ಲಿ ಅಮೆರಿಕದಲ್ಲಿ ಒಳಯುದ್ಧ ಶುರುವಾಗಿ ದಕ್ಷಿಣದ ಬಂದರು ಬಂದ್ ಆದಾಗ, ಇಂಗ್ಲೆಂಡಿನ ಲಂಕಾಶೈರ್ ಮಿಲ್ಲುಗಳು ಹತ್ತಿಗಾಗಿ ಬಾಯಿ ಬಿಟ್ಟು ಕೂತಾಗ, ನಮ್ಮ ರೈತರ ಹತ್ತಿಗೆ ಬಂಗಾರದ ರೇಟು. 1865ರಲ್ಲಿ ಯುದ್ಧ ಮುಗಿಯಿತು, ರೇಟೂ ಮುಗಿಯಿತು. ಹತ್ತಿ ರೇಟಿನ ಹಣೆಬರಹ ಅವತ್ತಿಂದ ಹಾಗೇ ಇದೆ, ಅಲ್ವಾ?

ಗುಲಾಮಗಿರಿ ಹೋದರೂ ಲೌಂಡ್ಸ್‌ನಲ್ಲಿ ಹೊಲ ಮಾತ್ರ ಬಿಳಿಯ ಮಾಲೀಕರ ಕೈಯಲ್ಲೇ ಉಳಿಯಿತು, ಕರಿಯರು ಪಾಲಿಗೆ ಮಾಡುವವರು. 1965 ಶುರುವಾದಾಗ ಅಲ್ಲಿ ನೂರಕ್ಕೆ ಎಂಬತ್ತು ಜನ ಕರಿಯರು, ಮತದಾರರ ಪಟ್ಟಿಯಲ್ಲಿ ಅವರ ಹೆಸರು ಒಂದೂ ಇರಲಿಲ್ಲ. ಒಂದೂ! ಮತದ ಹಕ್ಕಿಗಾಗಿ ಸೆಲ್ಮಾದಿಂದ ಮಾಂಟ್ಗೊಮರಿಗೆ ನಡೆದ ಆ ಪ್ರಸಿದ್ಧ ಪಾದಯಾತ್ರೆ ಇದೇ ಕೌಂಟಿ ದಾಟಿ ಹೋಯಿತು. ಮುಗಿದ ರಾತ್ರಿಯೇ, ಜನರನ್ನು ಕಾರಿನಲ್ಲಿ ಬಿಡುತ್ತಿದ್ದ ವಯೋಲಾ ಲಿಯುಜೊ ಎಂಬ ಬಿಳಿಯ ಹೆಣ್ಣುಮಗಳನ್ನು ಇಲ್ಲಿನ ಹೆದ್ದಾರಿಯಲ್ಲೇ ಗುಂಡಿಟ್ಟು ಕೊಂದರು.

ನನಗೆ ತುಂಬಾ ಹಿಡಿಸಿದ್ದು ಚಿಹ್ನೆಯ ವಿಷಯ. ಓದು ಬಾರದವರು ಜಾಸ್ತಿ ಇದ್ದ ಕಾರಣ ಅಲಬಾಮಾದಲ್ಲಿ ಪಕ್ಷಗಳಿಗೆ ನಮ್ಮ ಹಾಗೇ ಚಿಹ್ನೆ ಇರುತ್ತಿತ್ತು. ಅಲ್ಲಿನ ಡೆಮಾಕ್ರಟಿಕ್ ಪಕ್ಷದ್ದು ಬಿಳಿ ಹುಂಜ. ಲೌಂಡ್ಸ್‌ನವರು ಸ್ವಂತ ಪಕ್ಷ ಕಟ್ಟಿ ಕಪ್ಪು ಚಿರತೆ ಇಟ್ಟುಕೊಂಡರು. ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಪ್ಯಾಂಥರ್ ಎಂಬ ಕರಿಯರ ಹೋರಾಟದ ಪಕ್ಷಕ್ಕೆ ಚಿರತೆ ಹೋಗಿದ್ದು ಈ ಹಳ್ಳಿಗಾಡಿನಿಂದ. ಮತದಾರರ ಪಟ್ಟಿಯಲ್ಲಿ ಹೆಸರು ನೋಂದಾಯಿಸಿದ ತಪ್ಪಿಗೆ ಮಾಲೀಕರು ಪಾಲುಗಾರರನ್ನು ಮನೆ ಬಿಡಿಸಿದರು. ಆ ಕುಟುಂಬಗಳು ಹೆದ್ದಾರಿ ಪಕ್ಕ ಟೆಂಟ್ ಹಾಕಿಕೊಂಡು ಎರಡು ವರ್ಷಕ್ಕೂ ಜಾಸ್ತಿ ಇದ್ದವು. 1966ರಲ್ಲಿ ಚಿರತೆ ಸೋತಿತು. 1970ರಲ್ಲಿ ಜಾನ್ ಹ್ಯುಲೆಟ್ ಎಂಬ ಕರಿಯರು ಶೆರಿಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥ, ಆಗಿ ಗೆದ್ದರು.

ಓಟು ಬಂತು, ಮಣ್ಣು ಬದಲಾಗಲಿಲ್ಲ. ಹಳ್ಳಿಗಳಲ್ಲಿ ಇವತ್ತಿಗೂ ಒಳಚರಂಡಿ ಇಲ್ಲದ ಮನೆಗಳು ಎಷ್ಟೋ. ಸೆಪ್ಟಿಕ್ ಟ್ಯಾಂಕ್ ಹಾಕಿಸಿದರೆ ಮಳೆಗೆ ವಾಪಸ್ ಬರುತ್ತದೆ, ಹಾಕಿಸೋಕೆ ದುಡ್ಡಿಲ್ಲದವರು ಪೈಪನ್ನು ಸೀದಾ ಹಿತ್ತಲಿಗೆ ಬಿಟ್ಟಿದ್ದಾರೆ. ಹಾಗೆ ಬಿಡುವುದು ಅಲ್ಲಿ ಅಪರಾಧ, ಬಡವರ ಮೇಲೆ ಕೇಸೂ ಬಿದ್ದಿವೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪರೀಕ್ಷೆ ಮಾಡಿಸಿಕೊಂಡ 55 ಜನರಲ್ಲಿ 19 ಜನರಿಗೆ ಮಲ ಬಿದ್ದ ಮಣ್ಣಿನಿಂದ ಹರಡುವ ಕೊಕ್ಕೆ ಹುಳದ ಸುಳಿವು ಸಿಕ್ಕಿತು. ಅಮೆರಿಕದಲ್ಲಿ! ಇದನ್ನೆಲ್ಲ ಹೊರಗೆ ತಂದವರು ಅದೇ ನೆಲದ ಹೋರಾಟಗಾರ್ತಿ ಕ್ಯಾಥರಿನ್ ಕೋಲ್ಮನ್ ಫ್ಲವರ್ಸ್. ಅಲ್ಲಿನ ಕೇಂದ್ರ ಸರ್ಕಾರ 2023ರಲ್ಲಿ ಸರಿಪಡಿಸುವ ಒಪ್ಪಂದ ಮಾಡಿಕೊಂಡಿತು, 2025ರಲ್ಲಿ ಹೊಸ ಸರ್ಕಾರ ಅದನ್ನು ಕೈಬಿಟ್ಟಿತು. ಮಣ್ಣಿನ ಮೇಲೆ ಎಷ್ಟು ಅಂತ ತಪ್ಪು ಹೊರಿಸುತ್ತೀರಿ?

ಮೊನ್ನೆ ಚಹಾ ಕುಡಿಯುತ್ತಾ ಗೌಂಡಿ ಕಾಕಾಗೆ ಇಷ್ಟನ್ನೂ ಹೇಳಿದೆ. ಪೂರ್ತಿ ಕೇಳಿ, "ಅಲ್ಲೆ ಗರಸು ಸಿಗಂಗಿಲ್ಲೇನು?" ಅಂದರು. ಗರಸು ಅಂದರೆ ನೀರು ಇಂಗುವ ಕಲ್ಲುಮಣ್ಣು. ಸಿಗುತ್ತದೆ ಕಾಕಾ, ಹೊರಗಿನಿಂದ ಮರಳು ತಂದು ದಿಬ್ಬ ಮಾಡಿ ಅದರಲ್ಲಿ ನೀರು ಇಂಗಿಸುತ್ತಾರೆ, ಒಂದು ಮನೆಗೆ 15 ಸಾವಿರ ಡಾಲರ್ ದಾಟುತ್ತದೆ ಅಂದೆ. ರೂಪಾಯಿಯಲ್ಲಿ ಎಷ್ಟು ಅಂತ ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಚಹಾದ ಕಪ್ ಕೈಯಲ್ಲೇ ಹಿಡಿದು ಕೂತರು.

"ನಿಂದು ಎರಡು ಟ್ರ್ಯಾಕ್ಟರ್ ಗರಸಿನಾಗ ಮುಗಸ್ತೀನಿ, ಐತವಾರ ಬರ್ತೀನಿ."