ದಾಸವಾಳದ ಐದನೇ ಎಸಳು

ಶಿರಸಿಯಲ್ಲಿ ಡಿಸೈನ್ ಕೆಲಸ ಅಂದರೆ ಮದುವೆ, ಉಪನಯನದ ಕರೆಯೋಲೆ, ಜೇನುತುಪ್ಪ, ಉಪ್ಪಿನಕಾಯಿ ಬಾಟಲಿಯ ಲೇಬಲ್, ನರ್ಸರಿಯವರ ಬೋರ್ಡು. ಇದರಲ್ಲೆಲ್ಲ ಎಲ್ಲೋ ಒಂದು ಕಡೆ ಹೂವು ಇದ್ದೇ ಇರುತ್ತದೆ. ಹೆಚ್ಚಿನವರಿಗೆ ನೆಟ್‌ನಲ್ಲಿ ಸಿಗುವ ಹೂವೇ ಸಾಕು. ಹುಲೇಕಲ್ ಕಡೆಯಿಂದ ಬಂದ ಅಕ್ಕನಿಗೆ ಅದು ಸಾಕಾಗಲಿಲ್ಲ. ಮನೆಯಲ್ಲೇ ಕಾಯಿಸುವ ದಾಸವಾಳದ ತಲೆ ಎಣ್ಣೆಗೆ ಲೇಬಲ್ ಬೇಕಿತ್ತು ಅವರಿಗೆ. ತೋರಿಸಿದ ಚಿತ್ರಗಳನ್ನೆಲ್ಲ ನೋಡಿ, "ತಮಾ, ಇದು ಪ್ಲಾಸ್ಟಿಕ್ ಹೂವಿನಾಂಗೆ ಕಾಣ್ತು. ನಮ್ಮನೆ ಬೇಲಿ ದಾಸವಾಳ ಹಿಂಗಿರ್ತಿಲ್ಲೆ" ಅಂದರು.

ಅವರು ಹೇಳಿದ್ದು ಖರೆ. ಅಂಥ ಚಿತ್ರಗಳಲ್ಲಿ ಎಲ್ಲವೂ ಒಂದೇ ಸಮ ನುಣುಪಾಗಿರುತ್ತದೆ. ನಿಜವಾದ ಹೂವಿನಲ್ಲಿ ನುಣುಪೂ ಇದೆ, ಚೂಪೂ ಇದೆ. ಎಸಳು ಬಾಗುವಲ್ಲಿ ಬಣ್ಣ ಮೆಲ್ಲಗೆ ತಿರುಗುತ್ತದೆ. ಒಂದು ಎಸಳು ಇನ್ನೊಂದರ ಮೇಲೆ ಬಂದು ಕೂರುವಲ್ಲಿ ಗೆರೆ ಕತ್ತರಿಸಿದಂತೆ ನಿಲ್ಲುತ್ತದೆ. ಫೋಟೋಶಾಪ್‌ನಲ್ಲಿ ಬಣ್ಣವನ್ನು ಬೆರಳಿನಿಂದ ಉಜ್ಜಿದಂತೆ ಹರಡುವ ಸ್ಮಜ್ ಟೂಲ್ ಹಿಡಿದವರಿಗೆ ಈ ಎರಡರ ವ್ಯತ್ಯಾಸ ಗೊತ್ತಿರಬೇಕು.

ಹಾಗಾಗಿ ಬಿಡಿಸಿಯೇ ಕೊಡುವುದೆಂದಾಯಿತು. ದಾಸವಾಳ ಒಂದೇ ದಿನದ ಹೂವು, ಸಂಜೆಗೆ ಮುದುಡಿಬಿಡುತ್ತದೆ. ಬೆಳಿಗ್ಗೆ ಕಿಟಕಿಯ ಹತ್ತಿರ ಇಟ್ಟು ಫೋಟೋ ತೆಗೆದುಕೊಂಡೆ. ಹೂವನ್ನೂ ಪೆನ್ ಟ್ಯಾಬ್ಲೆಟ್ ಪಕ್ಕದಲ್ಲೇ ಇಟ್ಟುಕೊಂಡೆ. ಬರೀ ಫೋಟೋದಲ್ಲಿ ಎಸಳಿನ ಹಿಂಬದಿ ಕಾಣುವುದಿಲ್ಲ, ಅಲ್ವಾ.

ಒಂದು ಎಸಳಿಗೆ ಒಂದು ಲೇಯರ್, ಅಂದರೆ ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಯಂಥದ್ದು. ಇದು ಎಲ್ಲರೂ ಮಾಡುವುದೇ. ಆದರೆ ದಾಸವಾಳದಲ್ಲಿ ಒಂದು ತೊಡಕಿದೆ. ಅದರ ಐದು ಎಸಳುಗಳು ಸುತ್ತಿಕೊಂಡಂತೆ ಜೋಡಣೆಯಾಗಿರುತ್ತವೆ. ಪ್ರತಿ ಎಸಳಿನ ಒಂದು ಅಂಚು ಪಕ್ಕದ್ದರ ಮೇಲೆ, ಇನ್ನೊಂದು ಅಂಚು ಆಚೆಯದರ ಕೆಳಗೆ. ರಟ್ಟಿನ ಪೆಟ್ಟಿಗೆಯ ನಾಲ್ಕು ಮುಚ್ಚಳವನ್ನು ಟೇಪಿಲ್ಲದೆ ಒಂದರಡಿ ಒಂದು ಸಿಕ್ಕಿಸಿ ಮುಚ್ಚುತ್ತೇವಲ್ಲ, ಹಾಗೆ. ಎಲ್ಲಕ್ಕಿಂತ ಮೇಲೆ ಅನ್ನುವ ಎಸಳೇ ಅದರಲ್ಲಿ ಇಲ್ಲ. ಲೇಯರ್‌ಗಳಿಗೋ ಮೇಲೆ-ಕೆಳಗೆ ಬಿಟ್ಟರೆ ಬೇರೆ ಗೊತ್ತಿಲ್ಲ. ನಾಲ್ಕು ಎಸಳು ಸರಿಯಾಗಿ ಕೂರುತ್ತವೆ. ತಳದಲ್ಲಿರುವ ಐದನೆಯದು ಒಂದು ಬದಿಯಲ್ಲಿ ಮೊದಲನೆಯದರ ಮೇಲೆ ಬರಬೇಕು, ಅಲ್ಲಿ ಸಿಕ್ಕಿ ಬೀಳುತ್ತದೆ. ಅದಕ್ಕೆ ಎಲ್ಲ ಮುಗಿದ ಮೇಲೆ ಐದನೇ ಎಸಳಿನ ಒಂದು ಕಾಪಿ ತೆಗೆದು ಎಲ್ಲಕ್ಕಿಂತ ಮೇಲಿಟ್ಟು, ಮಾಸ್ಕ್ ಹಾಕಿ ಆ ಒಂದು ಅಂಚು ಮಾತ್ರ ಕಾಣುವಂತೆ ಬಿಟ್ಟೆ. ಅದರಡಿಯಲ್ಲಿ, ಕೆಳಗಿನ ಬಣ್ಣವನ್ನು ಗಾಢ ಮಾಡುವ ಮಲ್ಟಿಪ್ಲೈ ಲೇಯರಿನಲ್ಲಿ, ತೆಳ್ಳಗೆ ನೆರಳು. ಹೂವು ಆಗ ಬಿಗಿಯಾಗಿ ಕೂತಿತು. ನೆಟ್‌ನಲ್ಲಿ ಸಿಕ್ಕ ಎಷ್ಟೋ ದಾಸವಾಳಗಳಲ್ಲಿ ಇದೊಂದೇ ಇರುವುದಿಲ್ಲ. ನೋಡುವವರಿಗೆ ಕಾರಣ ಹೇಳಲು ಬರದಿದ್ದರೂ ಏನೋ ಸರಿಯಿಲ್ಲ ಅಂತ ಗೊತ್ತಾಗುತ್ತದೆ.

ಇನ್ನು ಸ್ಮಜ್. ಫೋಟೋಶಾಪ್‌ಗೆ ಲೇಯರ್ ಬಂದದ್ದು 1994ರಲ್ಲಿ, 3.0 ಆವೃತ್ತಿಯಲ್ಲಿ. ಅದಕ್ಕೂ ಮೊದಲು ಬಳಿದದ್ದು ಬಳಿದಂತೆ, ಕೆಳಗಿನದು ಹೋದಂತೆ. ಸ್ಮಜ್ ಇವತ್ತಿಗೂ ಹಾಗೇ ಕೆಲಸ ಮಾಡುತ್ತದೆ. ಉಜ್ಜಿದ ಬಣ್ಣವನ್ನು ಮಾರನೇ ದಿನ ಬೇರ್ಪಡಿಸಲು ಆಗುವುದಿಲ್ಲ. ಅದಕ್ಕೇ ನಾನು ಎಸಳಿನ ಮೇಲೆ ನೇರವಾಗಿ ಉಜ್ಜುವುದಿಲ್ಲ. ಮೇಲೊಂದು ಖಾಲಿ ಲೇಯರ್ ತೆಗೆದು, ಬಣ್ಣ ಎಸಳಿನಾಚೆ ಕಾಣದಂತೆ ಅದಕ್ಕೆ ಕ್ಲಿಪ್ ಮಾಡಿ, ಕೆಳಗಿನ ಲೇಯರ್‌ಗಳ ಬಣ್ಣವನ್ನೂ ಎತ್ತಿಕೊಳ್ಳಲಿ ಅಂತ ಸ್ಮಜ್ ಟೂಲ್‌ನ 'ಸ್ಯಾಂಪಲ್ ಆಲ್ ಲೇಯರ್ಸ್' ಟಿಕ್ ಮಾಡಿಕೊಳ್ಳುತ್ತೇನೆ. ಪಕ್ಕದ ಎಸಳುಗಳ ಲೇಯರ್ ಮುಂದಿರುವ ಕಣ್ಣಿನ ಗುರುತು ಒತ್ತಿ ಅವನ್ನು ಮರೆಮಾಡಿಡಬೇಕು, ಇಲ್ಲದಿದ್ದರೆ ಅವುಗಳ ಬಣ್ಣವೂ ಎಳೆದುಕೊಂಡು ಬರುತ್ತದೆ. ಕ್ಲಿಪ್ ಇರುವುದರಿಂದ ಅಂಚು ಕದಡುವುದಿಲ್ಲ.

ಉಜ್ಜುವ ದಿಕ್ಕು ತುಂಬಾ ಮುಖ್ಯ. ದಾಸವಾಳದ ನರಗಳು ಬುಡದಿಂದ ಹೊರಟು ಬೀಸಣಿಗೆಯಂತೆ ಬಿಚ್ಚಿಕೊಂಡು ಅಂಚಿಗೆ ಹೋಗುತ್ತವೆ. ಪೆನ್ನೂ ಹಾಗೇ ಹೋಗಬೇಕು. ಅಡ್ಡ ಉಜ್ಜಿದರೆ ನರ ಅಳಿಸಿ ಎಸಳು ಮೇಣವಾಗುತ್ತದೆ. ಸ್ಟ್ರೆಂತ್, ಅಂದರೆ ಉಜ್ಜುವ ಜೋರು, ಶೇ. 40ರ ಆಸುಪಾಸು ಸಾಕು. ಗುಂಡು ಬ್ರಶ್ಶಿಗಿಂತ ಒರಟು ಬ್ರಶ್ಶು ಒಳ್ಳೆಯದು, ಎಳೆ ಎಳೆಯಾಗಿ ಬರುತ್ತದೆ. ನೆರಳಿಗೆ ಕಪ್ಪು ಬೇಡವೇ ಬೇಡ. ಕೆಂಪಿನ ಜೊತೆ ಉಜ್ಜಿದರೆ ಕೆಸರಾಗುತ್ತದೆ. ಬುಡದ ಆ ಕಡುಗೆಂಪನ್ನೇ ಹೂವಿನಿಂದ ಆರಿಸಿಕೊಳ್ಳಿ.

ನಡುವಿನ ಕೇಸರದ ಕಡ್ಡಿಗೆ ಸ್ಮಜ್ ಮುಟ್ಟಿಸಲೇ ಇಲ್ಲ. ಹಳದಿ ಪರಾಗದ ಚುಕ್ಕಿಗಳು, ತುದಿಯ ಐದು ಕೆಂಪು ಬೊಟ್ಟು, ಎಲ್ಲ ಗಟ್ಟಿ ಬ್ರಶ್ಶಿನಲ್ಲಿ. ಸುತ್ತ ಎಸಳು ಮೆತ್ತಗಿದ್ದಷ್ಟೂ ಇದು ಮುಂದೆ ಬರುತ್ತದೆ.

ಕೊನೆಗೆ ಪ್ರಿಂಟು. ಸ್ಕ್ರೀನಿನ ಉರಿಗೆಂಪು ಆಫ್‌ಸೆಟ್‌ನಲ್ಲಿ ಸ್ವಲ್ಪ ಮಂಕಾಗುವುದು ಗ್ಯಾರಂಟಿ. ಅದನ್ನು ಎಳೆದು ತರಲು ಕೆಂಪು ಕೊಡುವ ಎರಡು ಶಾಯಿಗಳಾದ ಮೆಜೆಂಟಾ, ಹಳದಿ ಎರಡನ್ನೂ ಶೇ. 100ಕ್ಕೆ ಏರಿಸಿದರೆ ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ನರಗಳೆಲ್ಲ ಮುಚ್ಚಿಹೋಗುತ್ತವೆ. ಬೆಳಕು ಬೀಳುವಲ್ಲಿ ಮೆಜೆಂಟಾ ಸ್ವಲ್ಪ ಇಳಿಸಿ, ನೆರಳಿನಲ್ಲಿ ಮಾತ್ರ ಪೂರ್ತಿ ಬಿಟ್ಟೆ. ಪ್ರೂಫ್ ನೋಡಿದ ಅಕ್ಕ ಎಸಳಿನ ಮೇಲೆ ಬೆರಳಿಟ್ಟು, "ಹಾಂ, ಇದು ನಮ್ಮನೇದು" ಅಂದರು. ಎಣ್ಣೆಯ ಹೆಸರನ್ನು ಮಾತ್ರ ಇನ್ನೂ ದೊಡ್ಡದು ಮಾಡಬೇಕಂತೆ.