20 ಅಡಿ ರಸ್ತೆಗೆ 24 ಎಂಎಂ ಲೆನ್ಸ್

ಬ್ಯಾಂಕ್ ಸಾಲಕ್ಕೆ ಬರುವ ಮನೆ, ಸೈಟು, ತೋಟಗಳ ವ್ಯಾಲ್ಯುಯೇಷನ್, ಅಂದರೆ ಬೆಲೆ ಕಟ್ಟುವುದು, ನನ್ನ ಕೆಲಸ. ತುಮಕೂರು ನಗರದಲ್ಲೇ ಓಡಾಟ ಜಾಸ್ತಿ. ಆಗಾಗ ಗುಬ್ಬಿ, ತಿಪಟೂರು, ಮಧುಗಿರಿ ಕಡೆಗೂ ಹೋಗುತ್ತೇನೆ. ಟೇಪು, ಲೇಸರ್ ಮೀಟರ್, ಕ್ರಯಪತ್ರದ ಜೆರಾಕ್ಸ್ ಜೊತೆಗೆ ಬ್ಯಾಗಿನಲ್ಲಿ ಒಂದು ಕ್ಯಾಮೆರಾ ಯಾವಾಗಲೂ ಇರುತ್ತದೆ. ಹೊಸದಾಗಿ ಈ ಕೆಲಸಕ್ಕೆ ಬಂದ ಹುಡುಗರು "ಮೊಬೈಲ್ ಇದೆಯಲ್ಲ ಮೇಡಂ, ಕ್ಯಾಮೆರಾ ಯಾಕೆ?" ಅಂತಾರೆ. ಸ್ವಲ್ಪ ದಿನ ಆದಮೇಲೆ ಅವರೇ ಬಂದು "ಯಾವುದು ತಗೊಳ್ಳಲಿ?" ಅಂತ ಕೇಳ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ರಸ್ತೆಯಿಂದಲೇ ಶುರು ಮಾಡೋಣ. ನಮ್ಮೂರಿನ ಬಡಾವಣೆಗಳಲ್ಲಿ 30x40 ಸೈಟಿನ ಮನೆಗಳೇ ಹೆಚ್ಚು. ಎಷ್ಟೋ ಕಡೆ ಮುಂದೆ 20 ಅಡಿ ರಸ್ತೆ ಅಷ್ಟೆ. ಎದುರುಮನೆ ಕಾಂಪೌಂಡಿಗೆ ಬೆನ್ನು ಕೊಟ್ಟು ನಿಂತರೂ ಅದಕ್ಕಿಂತ ಹಿಂದೆ ಹೋಗಲು ಜಾಗವಿಲ್ಲ. ಲೆನ್ಸಿನ ಎಂಎಂ ಅಂಕಿ ಕಡಿಮೆಯಾದಷ್ಟೂ ಫೋಟೋದಲ್ಲಿ ಹೆಚ್ಚು ಅಗಲ ಬರುತ್ತದೆ. ಅಲ್ಲಿಂದ 35 ಎಂಎಂ ಲೆನ್ಸಿಗೆ ಸುಮಾರು 20 ಅಡಿ ಅಗಲ ಸಿಗುತ್ತದೆ. 28 ಎಂಎಂಗೆ 25 ಅಡಿ ಚಿಲ್ಲರೆ. 24 ಎಂಎಂಗೆ ಹೆಚ್ಚುಕಡಿಮೆ 30 ಅಡಿ, ಅಂದರೆ ಸೈಟಿನ ಈ ಮೂಲೆಯಿಂದ ಆ ಮೂಲೆವರೆಗೆ. ಲೆಕ್ಕ ಸುಲಭ: 36ನ್ನು ಲೆನ್ಸಿನ ಎಂಎಂನಿಂದ ಭಾಗಿಸಿ, ನಿಂತ ದೂರದಿಂದ ಗುಣಿಸಿ. 36 ಅಂದರೆ '35 ಎಂಎಂ' ಎಂದು ಕರೆಯುವ ಹಳೆಯ ಫಿಲ್ಮಿನ ಒಂದು ಚೌಕಟ್ಟಿನ ಅಗಲ, ಮಿಲಿಮೀಟರಿನಲ್ಲಿ. ನಾನು ಹೇಳುವ ಲೆನ್ಸಿನ ಅಂಕಿಗಳೂ ಆ ಫಿಲ್ಮಿನ ಲೆಕ್ಕದವೇ.

28ಕ್ಕೂ 24ಕ್ಕೂ ನಡುವೆ ಇರುವ ಆ ನಾಲ್ಕೈದು ಅಡಿ ನಮಗೆ ಬಹಳ ಮುಖ್ಯ. ಪಕ್ಕದ ಮನೆಗೂ ಇದಕ್ಕೂ ಮಧ್ಯೆ ಜಾಗ ಬಿಟ್ಟಿದ್ದಾರಾ, ಗೋಡೆ ಅಂಟಿಕೊಂಡಿದೆಯಾ, ಹೊರಗಿನ ಮೆಟ್ಟಿಲು ಯಾರ ಜಾಗದಲ್ಲಿದೆ, ಎಲ್ಲವೂ ಕಾಣುವುದು ಆ ಅಂಚಿನಲ್ಲೇ. ಚೆಕ್ಕುಬಂದಿಯಲ್ಲಿ, ಅಂದರೆ ಪತ್ರದ ನಾಲ್ಕು ದಿಕ್ಕಿನ ಗಡಿ ವಿವರದಲ್ಲಿ, ಬರೆದಿರುವ ಓಣಿ ನಿಜವಾಗಿ ಇದೆಯೋ ಇಲ್ಲವೋ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ.

ಒಂದು ಕಾಲದಲ್ಲಿ ಚಿಕ್ಕ ಡಿಜಿಟಲ್ ಕ್ಯಾಮೆರಾಗಳು 35ರಿಂದಲೋ 38ರಿಂದಲೋ ಶುರುವಾಗುತ್ತಿದ್ದವು. 2006ರಲ್ಲಿ ಕೊಡಾಕ್ ವಿ570 ಬಂತು. ಅದರಲ್ಲಿ ಎರಡು ಲೆನ್ಸ್, ಒಂದು 23 ಎಂಎಂ. 2008ರ ಪ್ಯಾನಸೋನಿಕ್ ಎಲ್‌ಎಕ್ಸ್3 24ರಿಂದ ಶುರುವಾಯಿತು. ಈಗ ಆ ಕಷ್ಟವಿಲ್ಲ, ಆದರೆ ಹೆಸರು ನೋಡಿ ಕೊಳ್ಳುವ ಹಾಗೂ ಇಲ್ಲ. ಸೋನಿ ಆರ್‌ಎಕ್ಸ್100ರ ಮೊದಲ ಎರಡು ಮಾಡೆಲ್‌ಗಳು 28ರಿಂದ ಶುರುವಾಗುತ್ತವೆ, ಮೂರನೆಯದು 24ರಿಂದ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಇದನ್ನು ನೋಡಲೇಬೇಕು. ಚಿಕ್ಕ ಕ್ಯಾಮೆರಾದ ಲೆನ್ಸಿನ ಮೇಲೆ ಬರೆದಿರುವ ಅಂಕಿ ಫಿಲ್ಮಿನ ಲೆಕ್ಕದ್ದಲ್ಲ, ಬೇರೆ ಇರುತ್ತದೆ. ನನ್ನದರ ಮೇಲೆ 8.8-36.8 ಎಂದಿದೆ, ಅದು 24-100ಕ್ಕೆ ಸಮ. ಅಂಗಡಿಯಲ್ಲಿ "35 ಎಂಎಂ ಲೆಕ್ಕದಲ್ಲಿ ಎಷ್ಟು?" ಎಂದೇ ಕೇಳಿ.

ಮದುವೆ ಫೋಟೋ ತೆಗೆಯುವವರ ಡಿಎಸ್‌ಎಲ್‌ಆರ್ ಆದರೆ ಇನ್ನೂ ಅಗಲ ಸಿಗುತ್ತದೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅದರ ಜೊತೆಗೆ ಬರುವ 18-55 ಲೆನ್ಸಿನ 18, ಫಿಲ್ಮಿಗಿಂತ ಸಣ್ಣದಾದ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಮೇಲೆ ಕ್ಯಾನನ್‌ನಲ್ಲಿ 29, ನಿಕಾನ್‌ನಲ್ಲಿ 27 ಆಗುತ್ತದೆ. ಅಗಲ ಬೇಕೆಂದರೆ ಬೇರೆ ಲೆನ್ಸು, ಬೇರೆ ದುಡ್ಡು. ಮೇಲಾಗಿ ಅಷ್ಟು ದೊಡ್ಡದನ್ನು ಹಿಡಿದು ಒಳಗೆ ಕಾಲಿಟ್ಟರೆ ಮನೆಯವರಿಗೆ ಗಾಬರಿಯಾಗುತ್ತದೆ. ಸಾಲ ಕೇಳಿದ್ದು ಅಕ್ಕಪಕ್ಕದವರಿಗೆ ಗೊತ್ತಾಗಬಾರದು ಎಂದು ಅವರಿಗೆ ಮೊದಲೇ ಮುಜುಗರ ಇರುತ್ತದೆ ಅಲ್ವಾ.

ಒಳಗೆ ಹೋದರೆ ಲೆಕ್ಕ ಬದಲಾಗುತ್ತದೆ. ರೂಮಿನ ಮೂಲೆಯಲ್ಲಿ ನಿಂತು ಎದುರಿನ ಎರಡೂ ಗೋಡೆ ಪೂರ್ತಿ ಬರಬೇಕೆಂದರೆ 90 ಡಿಗ್ರಿ ಬೇಕು. 24 ಎಂಎಂ ಕೊಡುವುದು ಅಡ್ಡಕ್ಕೆ 74 ಡಿಗ್ರಿ. 18 ಎಂಎಂ ಆದರೆ ಸರಿಯಾಗಿ 90. 2023ರಲ್ಲಿ ಬಂದ ಸೋನಿ ಝಡ್‌ವಿ-1 ಎರಡನೇ ಮಾಡೆಲ್ 18ರಿಂದಲೇ ಶುರುವಾಗುತ್ತದೆ, ಆದರೆ ಅದರಲ್ಲಿ ಫ್ಲ್ಯಾಷ್ ಇಲ್ಲ. ಮೊಬೈಲ್‌ಗಳ 0.5 ಲೆನ್ಸು ಇನ್ನೂ ಅಗಲ. ಐಫೋನ್ 11ರಲ್ಲಿ ಅದು 13 ಎಂಎಂ, 120 ಡಿಗ್ರಿ. ಹಾಗಾದರೆ ಅದನ್ನೇ ಬಳಸಿದರೆ ಆಯಿತಲ್ಲ?

ನಾನು ಬಳಸುವುದಿಲ್ಲ. ಈ ವಿಷಯದಲ್ಲಿ ನನ್ನದು ಹಟವೇ ಅನ್ನಿ.

ಹತ್ತಡಿ ರೂಮನ್ನು 13 ಎಂಎಂನಲ್ಲಿ ತೆಗೆದು ನೋಡಿ. ಹತ್ತಿರದ ಮಂಚದ ತುದಿ ಹಿಗ್ಗುತ್ತದೆ, ಎದುರು ಗೋಡೆ ದೂರಕ್ಕೆ ಓಡುತ್ತದೆ, ಮಲಗುವ ಕೋಣೆ ಛತ್ರದ ಹಾಲ್ ಥರ ಕಾಣುತ್ತದೆ. ಬಾಡಿಗೆಗೆ ಕೊಡುವವರ ಜಾಹೀರಾತಿಗೆ ಅದು ಚೆನ್ನ. ನಮ್ಮ ರಿಪೋರ್ಟ್ ನೋಡುವವರು ಬ್ಯಾಂಕಿನಲ್ಲಿ ಕೂತ ಅಧಿಕಾರಿ. ಅವರು ಆ ಮನೆ ನೋಡಿರುವುದಿಲ್ಲ. ನಮ್ಮ ಫೋಟೋ ನಂಬಿ ಸಹಿ ಹಾಕುತ್ತಾರೆ. ಮುಂದೆ ಸಾಲ ಕಟ್ಟದೆ ಮನೆ 2002ರ ಸರ್ಫೇಸಿ ಕಾಯ್ದೆಯಡಿ ಹರಾಜಿಗೆ ಬಂದರೆ ಅದೇ ಫೈಲ್ ಮತ್ತೆ ತೆರೆಯುತ್ತಾರೆ. ಆಗ ಫೋಟೋ ಒಂದು ಹೇಳಿ ಮನೆ ಇನ್ನೊಂದು ಹೇಳಿದರೆ, ಉತ್ತರ ಕೊಡಬೇಕಾದವರು ನಾವು.

ಹಾಗಾಗಿ ರೂಮಿಗೆ ಎದುರುಬದುರು ಮೂಲೆಗಳಿಂದ ಎರಡು ಫೋಟೋ, ಎರಡೂ 24ರಲ್ಲಿ. ಕ್ಯಾಮೆರಾ ನೆಲದಿಂದ ನಾಲ್ಕು, ನಾಲ್ಕೂವರೆ ಅಡಿ ಎತ್ತರದಲ್ಲಿ ಮಟ್ಟಸವಾಗಿರಬೇಕು. ಮೇಲಕ್ಕೆ ಎತ್ತಿದರೆ ಗೋಡೆಗಳು ಒಳಗೆ ವಾಲಿದಂತೆ ಕಾಣುತ್ತವೆ. ನೆಲ ಸ್ವಲ್ಪ ಜಾಸ್ತಿಯೇ ಬರಲಿ. ವಿಟ್ರಿಫೈಡ್ ಟೈಲ್ಸ್ ಎರಡಡಿಗೆ ಎರಡಡಿ ಇದ್ದರೆ ಹತ್ತಡಿ ರೂಮಿನಲ್ಲಿ ಐದು ಟೈಲ್ ಕೂರುತ್ತವೆ. ಅನುಮಾನ ಬಂದವರು ಎಣಿಸಿ ನೋಡಬಹುದು. ರಿಪೋರ್ಟಿನಲ್ಲಿ ಬರೆದ ಅಳತೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ನಾಲ್ಕಡಿ ಅಗಲದ ಬಚ್ಚಲಿಗೆ ಇದು ಸಾಲುವುದಿಲ್ಲ, ಒಪ್ಪುತ್ತೇನೆ. ಅಲ್ಲಿ ಬಾಗಿಲ ಹೊರಗೆ ನಿಂತು ಕ್ಯಾಮೆರಾವನ್ನು ನೆಟ್ಟಗೆ ತಿರುಗಿಸಿ ತೆಗೆಯುತ್ತೇನೆ.

ಜೂಮ್ ಕೂಡ ಸುಳ್ಳು ಹೇಳುತ್ತದೆ, ಇನ್ನೊಂದು ದಿಕ್ಕಿನಲ್ಲಿ. ಮಧುಗಿರಿ ಕಡೆ ಲೇಔಟ್ ನೋಡಲು ಹೋದಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. 24ರಲ್ಲಿ ತೆಗೆದರೆ ಅಷ್ಟು ದೊಡ್ಡ ಏಕಶಿಲಾ ಬೆಟ್ಟ ಹಿಂದೆ ಎಲ್ಲೋ ಸಣ್ಣಗಾಗಿಬಿಡುತ್ತದೆ. ದೂರ ಹೋಗಿ 100ಕ್ಕೆ ಜೂಮ್ ಮಾಡಿದರೆ ಬೆಟ್ಟ ಸೈಟಿನ ಬೆನ್ನಿಗೇ ಬಂದು ನಿಲ್ಲುತ್ತದೆ. ಸೈಟಿಗೂ ಹೈವೇಗೂ ಎಷ್ಟು ದೂರ ಅಂತ ತೋರಿಸುವಾಗ ಈ ಆಟ ಆಡಬಾರದು. ಸುತ್ತಮುತ್ತಲಿನ ಫೋಟೋಗೆ ನಾನು 50ರ ಆಸುಪಾಸಿನಲ್ಲಿ ಇಡುತ್ತೇನೆ, ಕಣ್ಣಿಗೆ ಕಂಡದ್ದಕ್ಕೆ ಅದು ಹತ್ತಿರ. ಬಾಂದುಕಲ್ಲಿನ ಮೇಲಿನ ಗುರುತಿಗೆ ಮಾತ್ರ ಜೂಮ್.

ಇನ್ನು ಬೆಳಕು. ಚಿಕ್ಕಪೇಟೆಯ ಹಳೆಯ ಮನೆಗಳಲ್ಲಿ ಎಡಬಲ ಎರಡೂ ಕಡೆ ಪಕ್ಕದ ಮನೆಯ ಗೋಡೆ. ಕಿಟಕಿ ಮುಂದೆ ಒಂದು, ನಡುಮನೆಗೆ ಮೇಲೊಂದು ಬೆಳಕಿಂಡಿ. ಅದರಿಂದ ಬಿದ್ದ ಬಿಸಿಲು ಕೆಂಪು ಗಾರೆ ನೆಲದ ಮೇಲೆ ಒಂದು ಚೌಕ, ಸುತ್ತ ಕತ್ತಲೆ. ಅಲ್ಲಿ ಮೊಬೈಲಿನ ಅಗಲದ ಲೆನ್ಸಿನಲ್ಲಿ ತೆಗೆದರೆ ಗೋಡೆಯೆಲ್ಲ ಕಲಸಿದಂತೆ ಬರುತ್ತದೆ. ತೇವ ಹಿಡಿದ ಗೋಡೆ ಯಾವುದು, ಹಳೆಯ ಸುಣ್ಣ ಯಾವುದು ಅಂತ ಗೊತ್ತಾಗುವುದಿಲ್ಲ. ಕೂದಲೆಳೆ ಬಿರುಕಿಗೂ ತೊಲೆ ಕೂತು ಬಿಟ್ಟ ಬಿರುಕಿಗೂ ಬೆಲೆಯಲ್ಲಿ ಎಷ್ಟು ವ್ಯತ್ಯಾಸ! ಅದಕ್ಕೇ ಮೊಬೈಲಿನದಕ್ಕಿಂತ ದೊಡ್ಡದಾದ 'ಒಂದು ಇಂಚು' ಮಾದರಿಯ ಸೆನ್ಸರ್ ಮತ್ತು ಬೆಳಕನ್ನು ಹೆಚ್ಚು ಒಳಗೆ ಬಿಡುವ ಎಫ್ 1.8 ಲೆನ್ಸ್ ಬೇಕೆಂದು ಕಾದು ಕೊಂಡೆ. ಫ್ಲ್ಯಾಷ್ ಇರಲಿ, ಆದರೆ ಅದು ಅಟ್ಟದ ಮೂಲೆಗೆ, ಮೀಟರ್ ಬೋರ್ಡಿಗೆ. ಇಡೀ ರೂಮಿಗೆ ಹಾಕಿದರೆ ಹತ್ತಿರದ ಗೋಡೆ ಬಿಳಚಿಕೊಂಡು ದೂರದ್ದು ಕಪ್ಪಾಗುತ್ತದೆ.

ಅಂಥ ಒಂದು ಮನೆಯಲ್ಲಿ ಅಜ್ಜಿಯೊಬ್ಬರು "ದೇವರಮನೆ ಫೋಟೋ ಮಾತ್ರ ಬೇಡ ಕಣವ್ವ, ಯಾರ್ಯಾರ ಮೊಬೈಲಿಗೋ ಹೋಗ್ತದೆ" ಅಂದರು. "ಇಲ್ಲ ಅಜ್ಜಿ, ಇದು ಮೊಬೈಲ್ ಅಲ್ಲ" ಅಂತ ಪಕ್ಕದಲ್ಲಿ ಕೂತು ತೆಗೆದದ್ದನ್ನೆಲ್ಲ ಪರದೆ ಮೇಲೆ ಒಂದೊಂದಾಗಿ ತೋರಿಸಿದೆ. ಮೊಮ್ಮಗಳು ಮಲಗಿದ್ದ ಒಂದನ್ನು ಅವರ ಎದುರಿಗೇ ಅಳಿಸಿದೆ. ದೇವರಮನೆಯನ್ನು ಹೊಸ್ತಿಲಾಚೆಯಿಂದ ಅಳೆದುಕೊಂಡೆ, ಫೋಟೋ ತೆಗೆಯಲಿಲ್ಲ. ಜನ ನಮ್ಮನ್ನು ಮಲಗುವ ಕೋಣೆವರೆಗೂ ಬಿಡುತ್ತಾರೆ. ಅವರ ಮನೆ ಚಿತ್ರಗಳು ನನ್ನ ಮಕ್ಕಳ ಬರ್ತ್‌ಡೇ ಫೋಟೋ ನಡುವೆ ಇರಬಾರದು. ಬೇರೆ ಕ್ಯಾಮೆರಾ, ಬೇರೆ ಕಾರ್ಡ್ ಇಟ್ಟುಕೊಳ್ಳಲು ನನಗೆ ಈ ಕಾರಣವೊಂದೇ ಸಾಕು.

ಮೊಬೈಲ್ ಬೇಡವೇ ಬೇಡ ಎಂದೇನಲ್ಲ. ಅಕ್ಷಾಂಶ, ರೇಖಾಂಶ, ದಿನಾಂಕ ಬಿದ್ದ ಫೋಟೋ ಬ್ಯಾಂಕಿನವರು ಕೇಳುತ್ತಾರೆ. ಮನೆ ಮುಂದೆ ನಾನು ನಿಂತಿರುವುದೊಂದು, ರಸ್ತೆ ಕಾಣುವುದೊಂದು, ಇವೆರಡು ಮೊಬೈಲಿನಲ್ಲೇ. ಜಿಪಿಎಸ್ ಒಳಗೇ ಇರುವ ಕ್ಯಾಮೆರಾ ಬೇಕೆಂದರೆ ಒಲಿಂಪಸ್ ಟಿಜಿ-6 ಇದೆ. 25ರಿಂದ ಶುರು, ಧೂಳಿಗೂ ಮಳೆಗೂ ಹೆದರುವುದಿಲ್ಲ. ವಸಂತನರಸಾಪುರದ ಫ್ಯಾಕ್ಟರಿ ಶೆಡ್‌ಗಳ ಕೆಲಸವೇ ಜಾಸ್ತಿ ಇರುವವರಿಗೆ ಅದನ್ನೇ ಹೇಳುತ್ತೇನೆ. ಸೆನ್ಸರ್ ಸಣ್ಣದು, ಕತ್ತಲೆ ಮನೆಗೆ ಸಾಲದು.

ನನ್ನದು ಕ್ಯಾನನ್ ಜಿ7 ಎಕ್ಸ್ ಮಾರ್ಕ್ 2. ಇದರ ಪರದೆ ಮೇಲಕ್ಕೂ ಕೆಳಕ್ಕೂ ಬಾಗುತ್ತದೆ. ಬೀಗ ಹಾಕಿದ ಕಾಂಪೌಂಡ್ ಮೇಲೆ ಕೈಯೆತ್ತಿ ಹಿಡಿದರೆ ಒಳಗಿನ ಸಂಪು, ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಟ್ಟ ಜಾಗ) ಎಲ್ಲ ನೋಡಿಕೊಂಡೇ ತೆಗೆಯಬಹುದು. ಎರಡು ಅಂತಸ್ತಿನ ಮನೆಗೆ ಮಾತ್ರ ಇದೂ ಸಾಲದು. ಎದುರುಮನೆಯವರನ್ನು ಕೇಳಿ ಅವರ ಮೊದಲ ಮಹಡಿ ಬಾಲ್ಕನಿಗೆ ಹತ್ತುತ್ತೇನೆ. ಅಲ್ಲಿಂದ ನೇರವಾಗಿ ಹಿಡಿದರೆ ಗೇಟಿನಿಂದ ಮೇಲಿನ ಟ್ಯಾಂಕಿನವರೆಗೆ ಬರುತ್ತದೆ, ಗೋಡೆ ವಾಲುವುದಿಲ್ಲ. ಇಲ್ಲ ಅಂದವರು ಕಡಿಮೆ. ಕಾಫಿ ಕೊಟ್ಟವರೇ ಜಾಸ್ತಿ.

ಕೊಳ್ಳುವ ಮೊದಲು ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಹೊರಗೆ ಬಂದು, ಎದುರಿನ ಯಾವುದಾದರೂ ಮುಚ್ಚಿದ ಶಟರಿನ ಮುಂದೆ ನೇರವಾಗಿ ನಿಂತು ಅತಿ ಅಗಲದಲ್ಲಿ ಒಂದು ಫೋಟೋ ತೆಗೆಯಿರಿ. ಶಟರಿನ ಅಡ್ಡ ಪಟ್ಟಿಗಳು ಚಿತ್ರದ ಮೇಲಂಚು, ಕೆಳಂಚುಗಳಲ್ಲಿ ನೆಟ್ಟಗಿವೆಯಾ ನೋಡಿ. ಬಿಲ್ಲಿನಂತೆ ಬಾಗಿದ್ದರೆ ನಿಮ್ಮ ರಿಪೋರ್ಟಿನಲ್ಲಿ ನೆಟ್ಟಗಿನ ಕಾಂಪೌಂಡೂ ಬಾಗುತ್ತದೆ, "ಗೋಡೆ ಉಬ್ಬಿದೆಯಾ?" ಅಂತ ಫೋನ್ ಬರುತ್ತದೆ. ನಾಲ್ಕು ಮೂಲೆಗಳನ್ನೂ ದೊಡ್ಡದು ಮಾಡಿ ನೋಡಿ. ಸೆಕೆಂಡ್ ಹ್ಯಾಂಡ್ ಆದರೆ ಒಂದು ಮೂಲೆ ಮಾತ್ರ ಮಂಜಾಗಿದ್ದರೆ ಕ್ಯಾಮೆರಾ ಎಲ್ಲೋ ಬಿದ್ದಿರಬಹುದು, ಬಿಟ್ಟುಬಿಡಿ. ಇನ್ನೊಂದು ಬ್ಯಾಟರಿಯನ್ನೂ ಅವತ್ತೇ ತಗೊಳ್ಳಿ.